ಗೆರೆಯಾಚೆ ಜಲ್ಲಿ ಇರಬೇಕಾ, ಟಾರ್ ಇರಬೇಕಾ?

ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಗ್ಯಾರೇಜಿನಲ್ಲಿ ಕೂತಿದ್ದೆ. ಬೈಕಿನ ಕ್ಲಚ್ ಪ್ಲೇಟ್ ಬದಲಾಗಬೇಕಿತ್ತು. ಸುಮ್ನೆ ಕೂರೋ ಬದಲು ಮೊಬೈಲಿನಲ್ಲಿ 2023ರ ಆಸ್ಟ್ರಿಯನ್ ಗ್ರ್ಯಾನ್ ಪ್ರೀ ಅನ್ನುವ ಫಾರ್ಮುಲಾ ಒನ್ ಕಾರ್ ರೇಸಿನ ತುಣುಕುಗಳನ್ನು ನೋಡುತ್ತಿದ್ದೆ. ಗ್ಯಾರೇಜಿನ ಅಣ್ಣ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಬಂದು ಇಣುಕಿದರು. ಒಬ್ಬರಾದ ಮೇಲೆ ಒಬ್ಬರ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿದ ಸಮಯ, ಅಳಿಸಿ ಹೋಗುತ್ತಿತ್ತು. ಯಾಕೆ ಅಂತ ಕೇಳಿದರು. ಟ್ರ್ಯಾಕಿನ ಅಂಚಿನ ಗೆರೆ ದಾಟಿದ್ರು ಅಂದೆ.

“ಗೆರೆಯಾಚೇನೂ ಚಲೋ ಟಾರ್ ರೋಡೇ ಐತಲ್ಲ ತಮ್ಮಾ. ಟಾರ್ ಹಾಕಿ ಕೊಟ್ಟು, ಆಮ್ಯಾಲೆ ಇಲ್ಲಿ ಬರಬ್ಯಾಡ ಅಂದ್ರೆ ಯಾರು ಕೇಳ್ತಾರೆ?”

ಫಾರ್ಮುಲಾ ಒನ್ ಜಗತ್ತು ಹತ್ತಾರು ವರ್ಷ ತಲೆ ಕೆಡಿಸಿಕೊಂಡಿರುವುದು ಈ ಪ್ರಶ್ನೆಗೇ. ಅಣ್ಣನಿಗೆ ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಈಗ ಪ್ರಯತ್ನ ಮಾಡುತ್ತೇನೆ.

ಮೊದಲು ಆ ದಿನದ ಲೆಕ್ಕ. ರೇಸ್ ನಡೆದ ರೆಡ್ ಬುಲ್ ರಿಂಗ್ ಚಿಕ್ಕ ಟ್ರ್ಯಾಕ್, ಸುತ್ತಳತೆ 4.318 ಕಿ.ಮೀ. ರೇಸಿಗೆ 71 ಲ್ಯಾಪ್, ಕಾರು 20. ಎಲ್ಲರೂ ಪೂರ್ತಿ ಓಡಿಸಿದರೂ ಒಟ್ಟು 1,420 ಲ್ಯಾಪ್ ಆಗುತ್ತವೆ. ಅದರಲ್ಲಿ ಗೆರೆ ದಾಟಿರಬಹುದು ಅಂತ ಪರಿಶೀಲನೆಗೆ ಬಂದ ಪ್ರಕರಣ 1,200ಕ್ಕೂ ಜಾಸ್ತಿ. ರೇಸ್ ನಡೆಯುವಾಗ ಅಷ್ಟನ್ನೂ ನೋಡಿ ಮುಗಿಸಲು ಅಧಿಕಾರಿಗಳಿಗೆ ಆಗಲೇ ಇಲ್ಲ. ಟ್ರೋಫಿ ಹಂಚಿ, ಶಾಂಪೇನ್ ಚಿಮ್ಮಿಸಿ ಆದಮೇಲೆ ಆಸ್ಟನ್ ಮಾರ್ಟಿನ್ ತಂಡ ತಕರಾರು ಹಾಕಿತು. ಕಡತ ಮತ್ತೆ ಬಿಚ್ಚಿದರು. ಗಂಟೆಗಳ ನಂತರ ಎಂಟು ಚಾಲಕರಿಗೆ ದಂಡ ಬಿತ್ತು, ಅಂದರೆ ಅವರ ರೇಸ್ ಸಮಯಕ್ಕೆ ಸೆಕೆಂಡುಗಳನ್ನು ಸೇರಿಸಿದರು. ನಾಲ್ಕನೆಯವರಾಗಿ ಮುಗಿಸಿದ್ದ ಕಾರ್ಲೋಸ್ ಸೈನ್ಜ್ ಆರಕ್ಕೆ ಇಳಿದರು. ರೇಸ್ ನೋಡಿ ಟಿವಿ ಆರಿಸಿ ಮಲಗಿದವರಿಗೆ ಬೆಳಿಗ್ಗೆ ಬೇರೆಯದೇ ಫಲಿತಾಂಶ ಕಾದಿತ್ತು.

ನಿಯಮ ಕಷ್ಟದ್ದೇನಲ್ಲ. ಟ್ರ್ಯಾಕಿನ ಎರಡೂ ಅಂಚಿಗೆ ಬಿಳಿ ಗೆರೆ ಇದೆ. ಗೆರೆ ಟ್ರ್ಯಾಕಿಗೆ ಸೇರಿದ್ದು. ಅದರಾಚೆ ಕೆಂಪು-ಬಿಳಿ ಪಟ್ಟೆಯ ಕರ್ಬ್ ಇರುತ್ತದಲ್ಲ, ಅದು ಸೇರಿದ್ದಲ್ಲ. ಕಾರಿನ ಯಾವ ಭಾಗವೂ ಟ್ರ್ಯಾಕಿಗೆ ತಾಗದಿದ್ದರೆ ಮಾತ್ರ ಹೊರಗೆ ಹೋದಂತೆ. ಅಂದರೆ ನಾಲ್ಕೂ ಚಕ್ರ ಗೆರೆ ದಾಟಬೇಕು. ಬೌಲರ್ ಮುಂಗಾಲನ್ನು ನೆನಪಿಸಿಕೊಳ್ಳಿ. ಪಾದದ ಒಂಚೂರಾದರೂ ಕ್ರೀಸಿನ ಹಿಂದಿದ್ದರೆ ಚೆಂಡು ಸರಿ, ಇಲ್ಲದಿದ್ದರೆ ನೋಬಾಲ್. ನಮ್ಮ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಆಡುವಾಗ ಅದನ್ನು ಮೈದಾನದ ಅಂಪೈರ್ ಬಗ್ಗಿ ನೋಡುತ್ತಿದ್ದರು. ಈಗ ಟಿವಿ ಅಂಪೈರ್ ನೋಡುತ್ತಾರೆ. ರೇಸಿನಲ್ಲೂ ಹಾಗೇ, ಕಣ್ಣಿನ ಕೆಲಸ ಕ್ಯಾಮೆರಾಕ್ಕೆ ಹೋಗಿದೆ. ಆದರೆ ಇಲ್ಲಿ ಬೌಲರ್ ಒಬ್ಬನಲ್ಲ. ಇಪ್ಪತ್ತರ ಆಸುಪಾಸು ಜನ, ಗಂಟೆಗೆ ಇನ್ನೂರು ಚಿಲ್ಲರೆ ಕಿ.ಮೀ. ವೇಗದಲ್ಲಿ, ಒಂದೂವರೆ ಗಂಟೆ ಬಿಡದೆ ಬೌಲಿಂಗ್ ಮಾಡುತ್ತಿರುತ್ತಾರೆ.

ಹಿಂದೆ ಇಷ್ಟು ಕಟ್ಟುನಿಟ್ಟೂ ಇರಲಿಲ್ಲ. ಯಾವ ತಿರುವಿನಲ್ಲಿ ಗೆರೆ ಲೆಕ್ಕ, ಯಾವ ತಿರುವಿನಲ್ಲಿ ಲೆಕ್ಕವಿಲ್ಲ ಅಂತ ರೇಸಿನಿಂದ ರೇಸಿಗೆ ಬದಲಾಗುತ್ತಿತ್ತು. 2021ರ ಬಹ್ರೇನ್ ರೇಸಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ನಾಲ್ಕನೇ ತಿರುವಿನಲ್ಲಿ 29 ಸಲ ಹೊರಗೆ ಹೋಗಿ ಬಂದರು. ಅದೇ ತಿರುವಿನಲ್ಲಿ ಹೊರಗಿನಿಂದ ಅವರನ್ನು ಹಿಂದಿಕ್ಕಿದ ಮ್ಯಾಕ್ಸ್ ವರ್ಸ್ಟಾಪನ್ ಮಾತ್ರ ಜಾಗ ವಾಪಸ್ ಬಿಟ್ಟುಕೊಡಬೇಕಾಯಿತು. ದಾಟಿ ಓಡಿಸಿದರೆ ನಡೆಯುತ್ತದೆ, ದಾಟಿ ಓವರ್‌ಟೇಕ್ ಮಾಡಿದರೆ ನಡೆಯಲ್ಲ. ಇದನ್ನು ಹೊಸದಾಗಿ ರೇಸ್ ನೋಡುವವರಿಗೆ ವಿವರಿಸಿ ನೋಡಿ! 2022ರಿಂದ ಎಲ್ಲಾ ತಿರುವಿಗೂ ಬಿಳಿ ಗೆರೆಯೇ ಗಡಿ ಅಂತಾಯಿತು. ರೇಸಿನಲ್ಲಿ ಮೂರು ಸಲದವರೆಗೆ ಎಚ್ಚರಿಕೆ, ನಾಲ್ಕನೆಯದಕ್ಕೆ ಐದು ಸೆಕೆಂಡ್ ದಂಡ. ರೇಸಿನಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಾದರೆ ಒಂದೇ ಸಲಕ್ಕೆ ಆ ಲ್ಯಾಪ್ ಟೈಮ್ ಹೋಯಿತು.

ಅಷ್ಟಕ್ಕೂ ಯಾಕೆ ದಾಟುತ್ತಾರೆ? ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಮೈಗೇ ಗೊತ್ತು. ತಿರುವನ್ನು ಒಳಗಂಚಿನಲ್ಲೇ ಹಿಡಿದು ಹೋದರೆ ವೇಗ ತುಂಬಾ ತಗ್ಗಿಸಬೇಕು. ಹೊರಗಿಂದ ಒಳಗೆ ಬಂದು ಮತ್ತೆ ಹೊರಗೆ ಬಿಟ್ಟರೆ ತಿರುವು ಸಡಿಲವಾಗುತ್ತದೆ, ಅಷ್ಟು ಬ್ರೇಕ್ ಬೇಡ. (ಎದುರಿಂದ ಬಸ್ ಬರುವ ರಸ್ತೆಯಲ್ಲಿ ಇದನ್ನು ದಯವಿಟ್ಟು ಮಾಡಬೇಡಿ.) ರೇಸಿನಲ್ಲಿ ಹೊರಗೆ ಇನ್ನೊಂದು ಮೀಟರ್ ಸಿಕ್ಕರೆ ತಿರುವು ಇನ್ನಷ್ಟು ಸಡಿಲ. ಆಕ್ಸಿಲರೇಟರ್ ಸ್ವಲ್ಪ ಮುಂಚೆ ಒತ್ತಬಹುದು. ಆ ಲಾಭ ಮುಂದಿನ ನೇರ ಹಾದಿ ಮುಗಿಯುವವರೆಗೂ ಜೊತೆಗೆ ಬರುತ್ತದೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎರಡು ಮೂರು ಕಾರು ಸೇರಿಕೊಂಡಿರುವ ಆಟದಲ್ಲಿ ಆ ಒಂದು ಮೀಟರನ್ನು ಬಿಟ್ಟುಕೊಟ್ಟವನನ್ನು ಅವನ ಎಂಜಿನಿಯರೇ ಬೈಯುತ್ತಾನೆ. ಹಾಗಾಗಿ ಚಾಲಕರಿಗೆ ಶಿಸ್ತಿಲ್ಲ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಮೊನಾಕೋದಲ್ಲಿ ಓಡಿಸುವವರೂ ಇವರೇ. ಅಲ್ಲಿ ಗೆರೆಯ ಪಕ್ಕದಲ್ಲೇ ಕಬ್ಬಿಣದ ತಡೆ ಇದೆ. ಅಲ್ಲಿ ಇಂಚಿಂಚು ಲೆಕ್ಕ ಹಾಕಿ ಓಡಿಸುವವರು ಆಸ್ಟ್ರಿಯಾದಲ್ಲಿ ದಾಟುತ್ತಾರೆ ಅಂದರೆ, ಬದಲಾಗಿರುವುದು ಚಾಲಕನಲ್ಲ, ಗೆರೆಯಾಚೆಯ ನೆಲ.

ಆ ನೆಲದ ಕಥೆ ಹುಲ್ಲಿನಿಂದ ಶುರುವಾಗುತ್ತದೆ. ಹಿಂದೆ ಟ್ರ್ಯಾಕಿನ ಪಕ್ಕ ಒಣಹುಲ್ಲಿನ ಪೆಂಡಿ ಜೋಡಿಸುತ್ತಿದ್ದರು. ಗುದ್ದಿದರೆ ಮೆತ್ತಗಿರುತ್ತೆ ಅಂತ. ಭದ್ರಾ ನಾಲೆಯ ಕಡೆ ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರ್ ಕರೆಂಟ್ ತಂತಿಗೆ ತಾಗಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1967ರ ಮೊನಾಕೋ ರೇಸಿನಲ್ಲಿ ಆದದ್ದೂ ಅದೇ. ಲೊರೆಂಜೊ ಬಂಡಿನಿಯ ಫೆರಾರಿ ಮಗುಚಿ ಹೊತ್ತಿಕೊಂಡಿತು, ಹುಲ್ಲು ಬೆಂಕಿಯನ್ನು ಹೆಚ್ಚಿಸಿತು. ಮೂರು ದಿನಕ್ಕೆ ಅವರು ತೀರಿಕೊಂಡರು. ಹುಲ್ಲು ಹೋಯಿತು. ಮುಂದೆ ತಡೆಗೋಡೆ ಹಿಂದೆ ಸರಿಯುತ್ತಾ ಬಂತು, ಗೋಡೆಗೂ ಟ್ರ್ಯಾಕಿಗೂ ನಡುವೆ ಜಲ್ಲಿ ಬಂತು. ಅಲ್ಲಿಂದ ಈ ಖಾಲಿ ಜಾಗಕ್ಕೆ ರನ್‌ಆಫ್ ಅನ್ನುವ ಹೆಸರು ಅಂಟಿಕೊಂಡಿತು.

ಎಷ್ಟು ಜಾಗ ಬೇಕು? 2024ರ ಜೂನ್ 23ರಂದು ಚಳ್ಳಕೆರೆ ಬಳಿಯ ಪರೀಕ್ಷಾ ರನ್‌ವೇಯಲ್ಲಿ ಇಸ್ರೋದ ಮರುಬಳಕೆ ಉಡಾವಣಾ ವಾಹನ ‘ಪುಷ್ಪಕ್’ ಮೂರನೇ ಸಲ ಇಳಿಯಿತಲ್ಲ, ಆಗ ಅದರ ವೇಗ ಗಂಟೆಗೆ 320 ಕಿ.ಮೀ. ದಾಟಿತ್ತು. ಒಂದು ಫಾರ್ಮುಲಾ ಒನ್ ಕಾರು ನೇರ ಹಾದಿಯ ಕೊನೆಯಲ್ಲಿ ಮುಟ್ಟುವ ವೇಗ ಹೆಚ್ಚು ಕಡಿಮೆ ಅದೇ. ಪುಷ್ಪಕ್ ಪ್ಯಾರಾಚೂಟ್ ಬಿಚ್ಚಿ ಆ ವೇಗವನ್ನು 100ರ ಹತ್ತಿರಕ್ಕೆ ಇಳಿಸಿಕೊಂಡಿತು, ಆಮೇಲೆ ಚಕ್ರದ ಬ್ರೇಕ್ ಹಾಕಿತು. ಮುಂದೆ ಉದ್ದಕ್ಕೂ ನೇರ ರನ್‌ವೇ ಇತ್ತು. ರೇಸ್ ಚಾಲಕನಿಗೆ ಬ್ರೇಕ್ ಕೈಕೊಟ್ಟರೆ ಪ್ಯಾರಾಚೂಟೂ ಇಲ್ಲ, ರನ್‌ವೇಯೂ ಇಲ್ಲ, ಎದುರಿಗೆ ತಿರುವು. ಶಾಲೆಯಲ್ಲಿ ಓದಿದ್ದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಸಾಮಾನ್ಯ ಕಾರು 100ರ ವೇಗದಿಂದ ಒಣ ಟಾರಿನ ಮೇಲೆ ಸುಮಾರು 40 ಮೀಟರಿನಲ್ಲಿ ನಿಲ್ಲುತ್ತದೆ ಅಂದುಕೊಳ್ಳಿ. ಅದೇ ಲೆಕ್ಕದಲ್ಲಿ 300ಕ್ಕೆ 360 ಮೀಟರ್ ಬೇಕು. ಅಷ್ಟು ಜಾಗ ಪ್ರತಿ ತಿರುವಿಗೂ ಎಲ್ಲಿಂದ ತರೋದು? ಅದಕ್ಕೇ ನೆಲವೇ ಕಾರನ್ನು ಹಿಡಿದು ನಿಲ್ಲಿಸಬೇಕು ಅನ್ನುವ ಯೋಚನೆ ಬಂದದ್ದು.

ಜಲ್ಲಿ ಹೇಗೆ ಹಿಡಿಯುತ್ತದೆ ಅಂತ ನನಗೆ ಅರ್ಥವಾದದ್ದು ಮೆಕ್ಕೆಜೋಳದಿಂದ. ಕೊಯ್ಲಿನ ಕಾಲದಲ್ಲಿ ನಮ್ಮ ಜಿಲ್ಲೆಯ ಸರ್ವಿಸ್ ರಸ್ತೆಗಳ ಮೇಲೆ ಕಾಳು ಒಣಹಾಕಿರುತ್ತಾರೆ. ಒಂದು ಸಂಜೆ ಆ ರಾಶಿಯ ಅಂಚಿನಲ್ಲಿ ಹರಡಿದ್ದ ನಾಲ್ಕು ಕಾಳಿನ ಮೇಲೆ ಮುಂದಿನ ಬ್ರೇಕ್ ಹಿಡಿದೆ. ಬೈಕು ಎತ್ತ ಹೋಯಿತೋ, ನಾನು ಎತ್ತ ಹೋದೆನೋ. ಮೊಣಕೈ ತರಚಿತು, ಅಷ್ಟೇ. ಆದರೆ ಅದೇ ಮೆಕ್ಕೆಜೋಳದ ರಾಶಿಗೆ ಎಪಿಎಂಸಿಯಲ್ಲಿ ಕಾಲಿಟ್ಟು ನೋಡಿ. ಮೊಣಕಾಲವರೆಗೆ ಹೂತು ಅಲ್ಲೇ ನಿಲ್ಲುತ್ತದೆ. ಕಾಳು ಒಂದೇ. ತೆಳುವಾಗಿದ್ದರೆ ಜಾರಿಸುತ್ತದೆ, ಆಳವಾಗಿದ್ದರೆ ನುಂಗುತ್ತದೆ. ರೇಸ್ ಟ್ರ್ಯಾಕಿಗೆ ಹಾಕುವ ಕಲ್ಲು ನಮ್ಮ ಮನೆ ಕಟ್ಟುವ ಚೂಪು ಜಲ್ಲಿಯಲ್ಲ. ದುಂಡಗಿನ ಸಣ್ಣ ಕಲ್ಲು, ಕಾಳಿನ ಹಾಗೆ ಒಂದರ ಮೇಲೊಂದು ಉರುಳುವಂಥದ್ದು. ಚೂಪಾಗಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗಿಬಿಡುತ್ತದೆ. ಚಕ್ರ ಹೂತು, ಕಲ್ಲನ್ನು ತಳ್ಳುತ್ತಾ ತಳ್ಳುತ್ತಾ ಕಾರಿನ ಶಕ್ತಿ ಕರಗಬೇಕು.

ಚಾಲಕನಿಗೆ ಇದರಿಂದ ಇನ್ನೊಂದು ಪಾಠವೂ ಆಗುತ್ತಿತ್ತು. ಜಲ್ಲಿಗೆ ಹೋದವನ ರೇಸ್ ಬಹುತೇಕ ಅಲ್ಲಿಗೇ ಮುಗಿಯಿತು. ಯಾರೂ ಗೆರೆ ಕಾಯಬೇಕಿರಲಿಲ್ಲ.

ಹಾಗಾದರೆ ಅದನ್ನೇ ಯಾಕೆ ಉಳಿಸಿಕೊಳ್ಳಲಿಲ್ಲ? ಜಲ್ಲಿ ಎಲ್ಲಾ ಸಲ ನುಂಗುವುದಿಲ್ಲ. 1999ರ ಜುಲೈಯಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಮೈಕಲ್ ಶುಮಾಕರ್ ಅವರ ಬ್ರೇಕ್ ಕೈಕೊಟ್ಟಿತು. ಕಾರು ಜಲ್ಲಿಯನ್ನು ದಾಟಿಕೊಂಡು ಹೋಗಿ ಟೈರ್ ಗೋಡೆಗೆ ಗುದ್ದಿತು, ಕಾಲು ಮುರಿಯಿತು. ತಳ ಚಪ್ಪಟೆಯಿರುವ ಕಾರು ವೇಗದಲ್ಲಿದ್ದಾಗ ನೀರಿನ ಮೇಲೆ ಹೊಡೆದ ಬಿಲ್ಲೆಕಲ್ಲಿನ ಹಾಗೆ ಜಲ್ಲಿಯ ಮೇಲೆ ತೇಲಿಕೊಂಡು ಹೋಗಬಲ್ಲದು. ಅಡ್ಡಡ್ಡ ಜಾರಿ ಬಂದರೆ ಇನ್ನೂ ಕೆಟ್ಟದ್ದು. ಚಕ್ರದ ಅಂಚು ಕಚ್ಚಿಕೊಂಡು ಕಾರು ಪಲ್ಟಿ ಹೊಡೆಯುತ್ತದೆ. 2016ರಲ್ಲಿ ಮೆಲ್ಬರ್ನ್‌ನಲ್ಲಿ ಫರ್ನಾಂಡೊ ಅಲೊನ್ಸೊ ಅವರ ಕಾರು ಹಾಗೆ ಜಲ್ಲಿಯ ಮೇಲೆ ಉರುಳಿತು. 2022ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಜೋ ಗ್ವಾನ್‌ಯು ಅವರ ಕಾರು ತಲೆಕೆಳಗಾಗಿ ಜಾರಿ, ಜಲ್ಲಿಯಲ್ಲಿ ಪುಟಿದು, ಟೈರ್ ಗೋಡೆಯನ್ನೇ ಹಾರಿ, ಗೋಡೆಗೂ ಬೇಲಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತು. ಅವರನ್ನು ಉಳಿಸಿದ್ದು ತಲೆಯ ಮೇಲಿನ ಹ್ಯಾಲೋ, ಅಂದರೆ 2018ರಿಂದ ಕಡ್ಡಾಯವಾದ ಟೈಟಾನಿಯಂ ಕಮಾನು.

ಇನ್ನೊಂದು ಸಂಗತಿಯನ್ನು ಜಲ್ಲಿ ಬೇಕು ಅನ್ನುವವರು ಮರೆತುಬಿಡುತ್ತಾರೆ. ಜಲ್ಲಿಯಲ್ಲಿ ಹೂತ ಕಾರನ್ನು ಎತ್ತಲು ಯಾರಾದರೂ ಅಲ್ಲಿಗೆ ಹೋಗಲೇಬೇಕು. ಟ್ರ್ಯಾಕಿನ ಪಕ್ಕ ನಿಂತು ಕಾಯುವ ಮಾರ್ಷಲ್‌ಗಳು, ಜೊತೆಗೆ ಒಂದು ದೊಡ್ಡ ಯಂತ್ರ. 2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಮಳೆ. ಹೊರಗೆ ಹೋಗಿದ್ದ ಒಂದು ಕಾರನ್ನು ಯಂತ್ರ ಎತ್ತುತ್ತಿತ್ತು. ಅದೇ ಜಾಗದಲ್ಲಿ ಜಾರಿದ ಜೂಲ್ಸ್ ಬಿಯಾಂಕಿ ನೇರ ಆ ಯಂತ್ರದ ಕೆಳಗೆ ಹೋದರು. ಒಂಬತ್ತು ತಿಂಗಳ ನಂತರ ತೀರಿಕೊಂಡರು. ಎಲ್ಲಾ ಕಾರುಗಳೂ ಒಟ್ಟಿಗೆ ವೇಗ ತಗ್ಗಿಸುವ ವರ್ಚುವಲ್ ಸೇಫ್ಟಿ ಕಾರ್ ಅನ್ನುವ ವ್ಯವಸ್ಥೆ 2015ರಲ್ಲಿ ಬಂದದ್ದು ಇದಾದ ಮೇಲೆ. ಟಾರ್ ಹಾಕಿದ ರನ್‌ಆಫ್‌ನಲ್ಲಾದರೆ ಕಾರು ಹೂಳುವುದಿಲ್ಲ. ಬ್ರೇಕ್ ಕೆಲಸ ಮಾಡುತ್ತದೆ, ಸ್ಟೀರಿಂಗ್ ಮಾತು ಕೇಳುತ್ತದೆ, ಚಾಲಕ ತಾನೇ ತಿರುಗಿಸಿಕೊಂಡು ವಾಪಸ್ ಬರುತ್ತಾನೆ. ಯಂತ್ರ ಬೇಡ, ಮಾರ್ಷಲ್ ಓಡುವುದು ಬೇಡ. 2014ರ ರೇಸಿಗೆ ಮೊದಲು ಇಟಲಿಯ ಮೊಂಜಾದ ಹೆಸರಾಂತ ಪ್ಯಾರಬೋಲಿಕಾ ತಿರುವಿನಲ್ಲೇ ಜಲ್ಲಿ ತೆಗೆದು ಟಾರ್ ಹಾಕಿದರು. ಹಳೇ ಅಭಿಮಾನಿಗಳು ಬೈದರು.

ಟಾರಿನಲ್ಲೂ ಸಾವು ತಪ್ಪಲಿಲ್ಲ. 2019ರ ಆಗಸ್ಟ್ 31ರಂದು ಬೆಲ್ಜಿಯಂನ ಸ್ಪಾದಲ್ಲಿ ಫಾರ್ಮುಲಾ ಟೂ, ಅಂದರೆ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರೇಸ್. ಹೊರಗೆ ಹೋದ ಆಂತ್ವಾನ್ ಹ್ಯೂಬರ್ ಅವರ ಕಾರು ಗೋಡೆಗೆ ಗುದ್ದಿ ವಾಪಸ್ ಪುಟಿಯಿತು. ಹಿಂದಿನಿಂದ ಪೂರ್ತಿ ವೇಗದಲ್ಲಿ ಬಂದ ಇನ್ನೊಂದು ಕಾರು ಅದಕ್ಕೆ ಬಡಿಯಿತು. ಟಾರಿನ ಮೇಲೆ ಎಲ್ಲವೂ ಓಡುತ್ತಲೇ ಇರುತ್ತದೆ ಅನ್ನುವುದು ಅದರ ಗುಣವೂ ಹೌದು, ದೋಷವೂ ಹೌದು. ಆಮೇಲೆ ಸ್ಪಾದಲ್ಲಿ ಗೋಡೆಗಳನ್ನು ಹಿಂದೆ ಸರಿಸಿ, ಹಲವು ತಿರುವುಗಳಿಗೆ ಮತ್ತೆ ಜಲ್ಲಿ ತಂದರು.

ಬೈಕಿನವರ ಲೆಕ್ಕವಂತೂ ಬೇರೆಯೇ. ಬಿದ್ದ ಸವಾರನಿಗೆ ಬ್ರೇಕ್ ಇಲ್ಲ. ಬಿದ್ದ ಬೈಕಿಗೆ ಸ್ಟೀರಿಂಗ್ ಇಲ್ಲ. ಟಾರಿನ ಮೇಲೆ ಎರಡೂ ಜಾರುತ್ತಾ ಗೋಡೆಯವರೆಗೆ ಹೋಗುತ್ತವೆ. 2016ರಲ್ಲಿ ಬಾರ್ಸಿಲೋನಾ ಟ್ರ್ಯಾಕಿನಲ್ಲಿ ಮೋಟೋ ಟೂ ಅಭ್ಯಾಸದ ವೇಳೆ ಲೂಯಿಸ್ ಸಾಲೊಮ್ ಬಿದ್ದ ತಿರುವಿನಲ್ಲಿ ಹೊರಗೆ ಟಾರ್ ಇತ್ತು. ಅವರು ಉಳಿಯಲಿಲ್ಲ. ಆ ವಾರಾಂತ್ಯದಲ್ಲೇ ಟ್ರ್ಯಾಕಿನ ದಾರಿ ಬದಲಿಸಿದರು. ಕಾರಿಗೆ ಒಳ್ಳೆಯದು ಅಂತ ಮಾಡಿದ್ದು ಬೈಕಿಗೆ ಒಳ್ಳೆಯದಾಗಿರಲೇಬೇಕು ಅಂತಿಲ್ಲ. ಆದರೆ ಟ್ರ್ಯಾಕ್ ಮಾಲೀಕನಿಗೆ ಎರಡೂ ರೇಸ್ ಬೇಕು, ಇಲ್ಲದಿದ್ದರೆ ಖರ್ಚು ಹುಟ್ಟಲ್ಲ.

ಸರಿ, ಟಾರ್ ಬಂತು, ಪ್ರಾಣ ಉಳಿಯಿತು, ಭಯ ಹೋಯಿತು, ಎಲ್ಲರೂ ಗೆರೆ ದಾಟಿದರು. ಈಗ ಏನು ಮಾಡೋದು? ಮೊದಲ ಉಪಾಯ ನಮ್ಮ ಊರಿನವರದೇ ಅನ್ನಿಸುವಂಥದ್ದು: ಹಂಪ್ ಹಾಕೋದು! ಕರ್ಬಿನಾಚೆ ಹಳದಿ ಬಣ್ಣದ ಉದ್ದನೆಯ ದಿಂಡು. ಸಾಸೇಜ್ ಕರ್ಬ್ ಅಂತ ಹೆಸರು. ನಮ್ಮ ರಸ್ತೆಯಲ್ಲಿ ಗುರುತಿಲ್ಲದ ಹಂಪಿಗೆ ರಾತ್ರಿ ಬೈಕ್ ಹಾರಿದವರಿಗೆ ಮುಂದಿನದ್ದು ಊಹೆಗೆ ಸಿಗುತ್ತದೆ. 2019ರಲ್ಲಿ ಮೊಂಜಾದಲ್ಲಿ ಫಾರ್ಮುಲಾ ತ್ರೀ ಚಾಲಕ ಅಲೆಕ್ಸ್ ಪೆರೋನಿ ಅವರ ಕಾರು ಇಂಥ ದಿಂಡಿಗೆ ತಾಗಿ ಗಾಳಿಗೆ ಹಾರಿ ಬೇಲಿಯ ಮೇಲೆ ಬಿತ್ತು, ಬೆನ್ನುಮೂಳೆಗೆ ಪೆಟ್ಟಾಯಿತು. 2022ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಡೆನಿಸ್ ಹಾಗರ್ ಅವರ ಫಾರ್ಮುಲಾ ಟೂ ಕಾರು ಹೀಗೇ ಹಾರಿ ಇನ್ನೊಬ್ಬರ ಕಾರಿನ ಮೇಲೆ ಇಳಿಯಿತು. ಕೆಳಗಿದ್ದವರನ್ನು ಉಳಿಸಿದ್ದು ಮತ್ತೆ ಹ್ಯಾಲೋ. ಹೊರಗೆ ಹೋಗುವವನನ್ನು ಹೆದರಿಸಲು ಇಟ್ಟ ವಸ್ತು, ಕೈತಪ್ಪಿ ಹೊರಗೆ ಹೋದವನನ್ನು ಆಕಾಶಕ್ಕೆ ಎಸೆಯುತ್ತದೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದು ಅತ್ಯಂತ ಪೆದ್ದು ಉಪಾಯ.

ಕರ್ಬಿನ ಆಕಾರದಿಂದಲೂ ತೊಂದರೆ ಬಂದಿದೆ. 2023ರ ಅಕ್ಟೋಬರಿನಲ್ಲಿ ಕತಾರ್‌ನಲ್ಲಿ ಚೂಪು ತುದಿಯ ಕರ್ಬ್‌ಗಳ ಮೇಲೆ ಪದೇ ಪದೇ ಓಡಿದ ಟೈರುಗಳ ಒಳಪದರ ಬಿಟ್ಟುಕೊಳ್ಳಲು ಶುರುವಾಗಿರುವುದನ್ನು ಪಿರೆಲ್ಲಿ ಕಂಪನಿ ಪತ್ತೆಹಚ್ಚಿತು. ರಾತ್ರೋರಾತ್ರಿ ಎರಡು ತಿರುವುಗಳಲ್ಲಿ ಗೆರೆಯನ್ನು 80 ಸೆಂಟಿಮೀಟರ್ ಒಳಗೆ ತಂದರು. ಒಂದು ಟೈರಿನಲ್ಲಿ 18 ಲ್ಯಾಪಿಗಿಂತ ಜಾಸ್ತಿ ಓಡಿಸಬಾರದು ಅಂದರು. ಒಂದು ಗೆರೆ ಎಲ್ಲಿರಬೇಕು ಅನ್ನುವುದು ಇಡೀ ರೇಸಿನ ಲೆಕ್ಕಾಚಾರವನ್ನೇ ತಿರುಗಿಸಿಬಿಟ್ಟಿತು.

ಎರಡನೇ ಉಪಾಯ ಕ್ಯಾಮೆರಾ ಮತ್ತು ಕಡತ. ಈ ರೇಸುಗಳನ್ನು ನಿಯಂತ್ರಿಸುವ ಎಫ್‌ಐಎ ಸಂಸ್ಥೆ ಜಿನೀವಾದಲ್ಲಿ ಕೂತ ತಂಡದಿಂದಲೂ ದೃಶ್ಯ ನೋಡಿಸುತ್ತದೆ, 2023ರ ಕೊನೆಗೆ ಕಂಪ್ಯೂಟರಿಗೇ ಚಿತ್ರ ಗುರುತಿಸುವ ಕೆಲಸ ಕೊಟ್ಟು ನೋಡಿತು. ಇದು ಬೇಕು, ಆದರೆ ಇದರಿಂದ ಗೆರೆ ದಾಟುವುದು ನಿಲ್ಲಲ್ಲ, ಸಿಕ್ಕಿಬೀಳುವುದು ಹೆಚ್ಚುತ್ತದೆ ಅಷ್ಟೇ. ಬೈಕ್ ರೇಸಿನವರು ಸ್ವಲ್ಪ ಜಾಣರು. ಮೋಟೋಜಿಪಿಯಲ್ಲಿ 2019ರಿಂದ ಲಾಂಗ್ ಲ್ಯಾಪ್ ಅನ್ನುವ ದಂಡ ಇದೆ. ತಪ್ಪು ಮಾಡಿದವನು ರನ್‌ಆಫ್ ಟಾರಿನ ಮೇಲೆಯೇ ಬಣ್ಣ ಬಳಿದು ಗುರುತಿಸಿದ ಸುತ್ತುದಾರಿಯಲ್ಲಿ ಹೋಗಿ ಬರಬೇಕು. ಆಗಲೇ ಎರಡು ಮೂರು ಜನ ಮುಂದೆ ಹೋಗುತ್ತಾರೆ. ಸಾಲ ಅಲ್ಲೇ, ತೀರಿಸೋದೂ ಅಲ್ಲೇ. ನೋಡುವವನಿಗೂ ಅರ್ಥವಾಗುತ್ತದೆ.

ಮೂರನೇ ಉಪಾಯವನ್ನು ಆಸ್ಟ್ರಿಯಾದವರೇ 2024ರಲ್ಲಿ ಮಾಡಿದರು. ಹಿಂದಿನ ವರ್ಷದ ಅವಮಾನದ ಜಾಗದಲ್ಲೇ, ಅಂದರೆ ಒಂಬತ್ತು ಮತ್ತು ಹತ್ತನೇ ತಿರುವಿನ ಹೊರಗೆ, ಕರ್ಬಿನ ಬೆನ್ನಿಗೆ ಸುಮಾರು ಎರಡೂವರೆ ಮೀಟರ್ ಅಗಲದ ಜಲ್ಲಿಯ ಪಟ್ಟಿ. ಅದರಾಚೆ ಮತ್ತೆ ಟಾರ್. ಇದರ ಗುಟ್ಟು ಅಳತೆಯಲ್ಲಿದೆ. ಆಗಿನ ಕಾರು ಎರಡು ಮೀಟರ್ ಅಗಲ. ಕರ್ಬ್ ಅದಕ್ಕಿಂತ ಕಿರಿದಾಗಿದ್ದರೆ ನಾಲ್ಕೂ ಚಕ್ರ ಗೆರೆ ದಾಟುವ ಮೊದಲೇ ಹೊರಗಿನ ಚಕ್ರ ಜಲ್ಲಿಗೆ ಇಳಿಯುತ್ತದೆ. ಇಳಿದರೆ ಹಿಡಿತ ತಪ್ಪುತ್ತದೆ, ಸಮಯ ಹೋಗುತ್ತದೆ. ಲಾಭ ಇಲ್ಲದ ಮೇಲೆ ಯಾರು ಹೋಗುತ್ತಾರೆ? ನಿಜವಾಗಿ ಕೈತಪ್ಪಿದ ಕಾರು ಮಾತ್ರ ಪಟ್ಟಿಯನ್ನು ದಾಟಿ ಟಾರಿನ ಮೇಲೆ ಬ್ರೇಕ್ ಹಿಡಿಯಬಹುದು. ಆ ವರ್ಷ ಆ ತಿರುವುಗಳ ಗಲಾಟೆ ಹೆಚ್ಚು ಕಡಿಮೆ ಇಲ್ಲವಾಯಿತು. ಪೂರ್ತಿ ಗುಣವಾಗಲಿಲ್ಲ ಅನ್ನಿ. ಪಟ್ಟಿ ಇಲ್ಲದ ಕಡೆ ದಾಟಿದ್ದು ಲೆಕ್ಕಕ್ಕೆ ಬಂದೇ ಬಂತು, ಲ್ಯಾಂಡೊ ನಾರಿಸ್‌ಗೆ ಆ ರೇಸಿನಲ್ಲೂ ಐದು ಸೆಕೆಂಡ್ ದಂಡ ಬಿತ್ತು. ಪಟ್ಟಿಗೆ ತನ್ನದೇ ಬೆಲೆಯೂ ಇದೆ. ಚಕ್ರ ಎಳೆದು ತಂದ ಕಲ್ಲು ಟ್ರ್ಯಾಕಿನ ಮೇಲೆ ಬೀಳುತ್ತದೆ. ನನ್ನ ಮೆಕ್ಕೆಜೋಳದ ಕಥೆ ಹಿಂದೆ ಬರುವವನ ಪಾಲಿಗೆ. ಆದರೂ ಈಗಿರುವ ಉಪಾಯಗಳಲ್ಲಿ ನನಗೆ ಇದೇ ಸರಿ ಅನ್ನಿಸುತ್ತದೆ.

ಇದೆಲ್ಲಾ ದುಡ್ಡಿದ್ದವರ ಆಟ ಅನ್ನಬಹುದು. ನಮ್ಮಲ್ಲಿ ಫಾರ್ಮುಲಾ ಒನ್ ನಡೆದದ್ದು 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದ ಬುದ್ಧ್ ಟ್ರ್ಯಾಕಿನಲ್ಲಿ. ದಕ್ಷಿಣದ ಹುಡುಗರಿಗೆ ಸಿಗುವುದು ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕಾರಿ ಟ್ರ್ಯಾಕ್. ಎರಡರಲ್ಲೂ ಕಾರೂ ಓಡುತ್ತದೆ, ಬೈಕೂ ಓಡುತ್ತದೆ. ಚೆನ್ನೈ ಟ್ರ್ಯಾಕಿನಲ್ಲಿ 2023ರ ಜನವರಿಯಲ್ಲಿ ಅನುಭವಿ ಕಾರ್ ಚಾಲಕ ಕೆ.ಇ. ಕುಮಾರ್ ಅಪಘಾತದಲ್ಲಿ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಬೈಕ್ ರೇಸ್ ಶುರುವಾದ ಕೂಡಲೇ ಮೊದಲ ತಿರುವಿನ ಬಳಿ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು, ತಲೆಗೆ ಪೆಟ್ಟಾಗಿ ಹೋದ. ಗುಂಪಿನ ನಡುವೆ ಬಿದ್ದವನಿಗೆ ಎಂಥ ರನ್‌ಆಫ್ ಇದ್ದರೂ ಅಷ್ಟಕ್ಕಷ್ಟೇ. ಅಲ್ಲಿ ಬರುವ ಪ್ರಶ್ನೆ ವಯಸ್ಸಿನದ್ದು, ತರಬೇತಿಯದ್ದು. ಈ ಭಾಗದ ಹುಡುಗರ ಕಥೆಯೋ, ಬೈಪಾಸಿನಲ್ಲಿ ವ್ಹೀಲಿಂಗ್ ಮಾಡುತ್ತಾರೆ. ಅಲ್ಲಿ ರನ್‌ಆಫ್ ಅಂದರೆ ಎದುರಿಂದ ಬರುವ ಲಾರಿ.

ಬೈಕ್ ತರಲು ಮತ್ತೆ ಹೋದಾಗ ಗ್ಯಾರೇಜಿನ ಅಣ್ಣನಿಗೆ ಎರಡೂವರೆ ಮೀಟರಿನ ಪಟ್ಟಿಯ ವಿಷಯ ಹೇಳಿದೆ. ಸ್ಪ್ಯಾನರ್ ತಗೊಂಡು ನೆಲದ ಧೂಳಿನಲ್ಲೇ ಗೆರೆ ಎಳೆದರು. ಒಂದು ಗೆರೆ, ಪಕ್ಕದಲ್ಲಿ ಕರ್ಬ್, ಅದರ ಪಕ್ಕ ಪಟ್ಟಿ. ಅದರ ಮೇಲೆ ಒಂದು ನಟ್ ಇಟ್ಟು ತಳ್ಳಿದರು. ತಲೆಯಾಡಿಸಿದರು.

“ಕಾರಿಗೆ ಸರಿ ಬಿಡು. ನಾಕು ಚಕ್ರ. ಒಂದು ಜಲ್ಲಿಗಿಳಿದ್ರೆ ಇನ್ನ ಮೂರು ಹಿಡ್ಕಂತಾವೆ. ಬೈಕು ಮಲಗಿಸ್ಕಂಡು ಬರೋ ಹೊತ್ತಿಗೆ ಮುಂದಿನ ಚಕ್ರ ಅಲ್ಲಿಗಿಳಿದ್ರೆ?”

ನಾನು ಮೊಣಕೈ ಮೇಲಿನ ಕಲೆ ತೋರಿಸಿದೆ. ಅವರು ನಕ್ಕು ಬಿಲ್ ಬರೆಯಲು ಕೂತರು.